ಹಳೇ ಸ್ಪೀಕರ್‌ನ ಲೆವೆಲ್ ಕಂಟ್ರೋಲ್ ಕರಕರ ಅಂದರೆ: ಬಿಚ್ಚಿ, ಉಜ್ಜಿ, ಮತ್ತೆ ಕೂರಿಸುವ ಪೂರ್ತಿ ವಿಧಾನ

ಹಳೇ ಸ್ಪೀಕರ್ ಜೋಡಿಯೊಂದು ಮನೆಗೆ ಬಂದಿದೆ. ಹಾಡು ಹಾಕಿದರೆ ಒಂದು ಪೆಟ್ಟಿಗೆಯಲ್ಲಿ ಸಣ್ಣ ಕಿಣಿಕಿಣಿ ಸದ್ದುಗಳೆಲ್ಲ ಬಿಡಿಬಿಡಿಯಾಗಿ ಕೇಳುತ್ತವೆ. ಇನ್ನೊಂದು ಕಂಬಳಿ ಹೊದ್ದ ಹಾಗೆ ಮಂಕು. ನಾಬ್ ಮುಟ್ಟಿದರೆ ಕರಕರ, ಚಟಪಟ. ಒಂದು ಜಾಗದಲ್ಲಿ ನಿಲ್ಲಿಸಿದರೆ ಟ್ವೀಟರ್ (ಚೂಪು ಸದ್ದಿನ ಸಣ್ಣ ಸ್ಪೀಕರ್) ಹಾಡುತ್ತದೆ, ಕೂದಲೆಳೆಯಷ್ಟು ಸರಿಸಿದರೆ ಮಾಯ.

ಇಂಥ ಸ್ಪೀಕರ್ ನೋಡಿದ ತಕ್ಷಣ ಜಾಸ್ತಿ ಜನ ಹೇಳುವ ಮಾತು ಒಂದೇ: "ಟ್ವೀಟರ್ ಹೋಗಿದೆ." ದಯವಿಟ್ಟು ಅದನ್ನು ಪರೀಕ್ಷೆ ಮಾಡದೆ ನಂಬಬೇಡಿ. ನನ್ನ ಕೈಗೆ ಬಂದ ಮೊದಲ ಹಳೇ ಜೋಡಿಯ ಬಗ್ಗೆ ರಿಪೇರಿ ಮಾಡುವವರೊಬ್ಬರು ಹೀಗೇ ಹೇಳಿದ್ದರು. ಎರಡೂ ಟ್ವೀಟರ್ ಬದಲಾಯಿಸಬೇಕು ಅಂದಿದ್ದರು. ಬಿಚ್ಚಿ ನೋಡಿದರೆ ಟ್ವೀಟರ್‌ಗಳು ಚೆನ್ನಾಗಿಯೇ ಇದ್ದವು. ಅವುಗಳ ಹಾದಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕಿಲುಬು ಕೂತಿತ್ತು, ಅಷ್ಟೇ. ಆ ಟ್ವೀಟರ್‌ಗಳನ್ನು ಅವತ್ತು ಕಿತ್ತು ಎಸೆದಿದ್ದರೆ ಅಂಥವು ಮತ್ತೆ ಸಿಗುತ್ತಿರಲಿಲ್ಲ. ಈ ಕೆಲಸವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕೇ.

ಒಳಗೆ ಏನಿದೆ?

1950ರಿಂದ 70ರ ದಶಕದವರೆಗೆ ಬಂದ ಎಷ್ಟೋ ಒಳ್ಳೆಯ ಸ್ಪೀಕರ್‌ಗಳಲ್ಲಿ ಮಿಡ್‌ರೇಂಜ್ (ನಡು ಸದ್ದಿನ ಸ್ಪೀಕರ್) ಮತ್ತು ಟ್ವೀಟರ್‌ನ ಸದ್ದನ್ನು ಹೆಚ್ಚು ಕಡಿಮೆ ಮಾಡಲು ನಾಬ್ ಇರುತ್ತಿತ್ತು. ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-3ಎ ತರಹದ ಪೆಟ್ಟಿಗೆಗಳಲ್ಲಿ ಅವು ಬೆನ್ನಿನ ಕಡೆ ಇವೆ. ಜೆಬಿಎಲ್ ಎಲ್100ನಲ್ಲಿ ಮುಂದೆ, ಗ್ರಿಲ್ ಅನ್ನುವ ಮುಂಭಾಗದ ಮುಚ್ಚಳದ ಹಿಂದೆ ಇವೆ. ಕೇಳುವ ಕೋಣೆಗೆ ತಕ್ಕಂತೆ ಸದ್ದು ಹೊಂದಿಸಿಕೊಳ್ಳಲಿ ಅನ್ನುವುದು ಉದ್ದೇಶ.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ವೈರ್‌ವೌಂಡ್ ಪಾಟ್, ಅಂದರೆ ತಂತಿ ಸುತ್ತಿದ, ತಿರುಗಿಸಿ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ, ಅಳತೆ ಓಮ್‌ನಲ್ಲಿ) ಬದಲಾಯಿಸುವ ಸಾಧನ. ಅರೆಚಂದ್ರಾಕಾರದ ಪಟ್ಟಿಯೊಂದಕ್ಕೆ ರೆಸಿಸ್ಟೆನ್ಸ್ ತಂತಿಯನ್ನು ಒತ್ತೊತ್ತಾಗಿ ಸುತ್ತಿರುತ್ತಾರೆ. ಅದರ ಮೇಲೆ ವೈಪರ್ ಅನ್ನುವ ಲೋಹದ ನಾಲಿಗೆ ಜಾರುತ್ತದೆ. ತಂತಿಯ ಎರಡು ತುದಿಗೆ ಎರಡು ಟರ್ಮಿನಲ್, ವೈಪರ್‌ಗೆ ಒಂದು. ಹಳೇ ಎಆರ್ ಪೆಟ್ಟಿಗೆಗಳಲ್ಲಿ ಇರುವುದು ಸುಮಾರು 15 ಓಮ್‌ನ ಇಂಥ ಪಾಟ್.

ಎರಡನೆಯದು ಎಲ್-ಪ್ಯಾಡ್. ಇದರಲ್ಲಿ ಎರಡು ಸುತ್ತು ತಂತಿ, ಎರಡು ವೈಪರ್; ನಾಬ್ ಕೂರುವ ಒಂದೇ ಕಡ್ಡಿ ಎರಡೂ ವೈಪರನ್ನು ತಿರುಗಿಸುತ್ತದೆ. ಒಂದು ಸುತ್ತು ಟ್ವೀಟರ್‌ಗೆ ಸರಣಿಯಲ್ಲಿ (ಒಂದರ ಹಿಂದೆ ಒಂದು) ಇರುತ್ತದೆ, ಇನ್ನೊಂದು ಅಡ್ಡಕ್ಕೆ (ಪಕ್ಕಪಕ್ಕ, ಪ್ಯಾರಲೆಲ್). ಸದ್ದು ಎಷ್ಟೇ ಇಳಿಸಿದರೂ ಕ್ರಾಸ್‌ಓವರ್‌ಗೆ (ತಗ್ಗು ಸದ್ದು, ಚೂಪು ಸದ್ದು ಅಂತ ಭಾಗ ಮಾಡಿ ಕಳಿಸುವ ಸರ್ಕ್ಯೂಟ್) ಕಾಣುವ ಹೊರೆ, ಅಂದರೆ ಒಟ್ಟು ಓಮ್, ಬದಲಾಗಬಾರದು, ಅದಕ್ಕೇ ಈ ಏರ್ಪಾಡು. ಒಂದು ಲೆಕ್ಕ ನೋಡಿ. 8 ಓಮ್ ಟ್ವೀಟರ್‌ಗೆ 6 ಡೆಸಿಬೆಲ್ ಕಡಿಮೆ ಮಾಡಬೇಕು ಅನ್ನಿ. ಎಲ್-ಪ್ಯಾಡ್ ಸರಣಿಯಲ್ಲಿ 4 ಓಮ್, ಅಡ್ಡಕ್ಕೆ 8 ಓಮ್ ಇಡುತ್ತದೆ. ಅಡ್ಡಕ್ಕಿರುವ 8 ಮತ್ತು ಟ್ವೀಟರ್‌ನ 8 ಸೇರಿ 4 ಆಯಿತು. ಅದಕ್ಕೆ ಸರಣಿಯ 4 ಕೂಡಿದರೆ ಮತ್ತೆ 8. ಸದ್ದು ಇಳಿಯಿತು, ಹೊರೆ ಹಾಗೇ ಉಳಿಯಿತು.

ಈಗ ಮುಖ್ಯ ಮಾತು. ಸುತ್ತಿರುವ ತಂತಿ ಸಾಮಾನ್ಯವಾಗಿ ನಿಕ್ಕಲ್ ಬೆರೆತ ಲೋಹದ್ದು, ಸುಲಭಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ಹೆಚ್ಚಾಗಿ ತಾಮ್ರ ಅಥವಾ ಹಿತ್ತಾಳೆಯ ಭಾಗಗಳು: ವೈಪರ್, ಅದು ಕೂತಿರುವ ಬಿಲ್ಲೆ, ಟರ್ಮಿನಲ್‌ನ ರಿವೆಟ್. ವರ್ಷಗಟ್ಟಲೆ ನಾಬ್ ಒಂದೇ ಕಡೆ ನಿಂತರೆ ತೇವ ಮತ್ತು ಗಾಳಿ ಸೇರಿ ಅಲ್ಲಿ ಕಿಲುಬು ಹಿಡಿಯುತ್ತದೆ. ಹಳೇ ಗ್ರೀಸ್ ಒಣಗಿ ಅಂಟಾಗುತ್ತದೆ. ಟ್ವೀಟರ್‌ಗೆ ಹೋಗುವ ಸಿಗ್ನಲ್ ಸಣ್ಣದು. ಆ ಪದರವನ್ನು ದಾಟುವ ಶಕ್ತಿ ಅದಕ್ಕಿಲ್ಲ. ಮೆಲ್ಲಗೆ ಹಾಕಿದಾಗ ಸತ್ತಂತಿದ್ದ ಟ್ವೀಟರ್ ಜೋರು ಮಾಡಿದಾಗ ತಟ್ಟನೆ ಜೀವ ಪಡೆದರೆ, ದೋಷ ಇಂಥ ಕಾಂಟ್ಯಾಕ್ಟ್‌ನಲ್ಲೇ ಅನ್ನುವುದಕ್ಕೆ ಅದು ಬಲವಾದ ಸುಳಿವು.

ಹಾಗಾಗಿ ನಮ್ಮ ಕೆಲಸ ಇಡೀ ಪಾಟನ್ನು ಹೊಳೆಯಿಸುವುದಲ್ಲ. ಲೋಹ ಲೋಹವನ್ನು ಮುಟ್ಟುವ ಜಾಗಗಳನ್ನು ಹುಡುಕಿ, ಅಷ್ಟನ್ನು ಮಾತ್ರ ಶುದ್ಧ ಮಾಡುವುದು.

ಮೊದಲು ದೋಷ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ

ಸ್ಕ್ರೂಡ್ರೈವರ್ ಈಗಲೇ ಬೇಡ. ನಾಬ್ ಈಗ ಇರುವ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ಎಡ-ಬಲ ಸ್ಪೀಕರ್‌ಗಳ ವೈರ್ ಅದಲು ಬದಲು ಮಾಡಿ. ಆಂಪ್ಲಿಫೈಯರ್ ಆರಿಸಿಯೇ ಮಾಡಿ. ಮಂಕು ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷ ಪೆಟ್ಟಿಗೆಯದು. ಇನ್ನೊಂದಕ್ಕೆ ಹೋದರೆ ಆಂಪ್ಲಿಫೈಯರ್ ಅಥವಾ ವೈರ್‌ನದು. ಹಾಗಿದ್ದರೆ ಸ್ಪೀಕರ್ ಬಿಚ್ಚುವ ಅಗತ್ಯವೇ ಇಲ್ಲ.

ಟ್ವೀಟರ್ ಹಾಡುತ್ತಿದೆಯೋ ಇಲ್ಲವೋ ದೂರದಿಂದ ಗೊತ್ತಾಗುವುದಿಲ್ಲ, ತಗ್ಗು ಸದ್ದಿನ ದೊಡ್ಡ ಸ್ಪೀಕರ್ ಆದ ವೂಫರ್ ಅದರ ಸದ್ದನ್ನು ಮುಚ್ಚಿಬಿಡುತ್ತದೆ. ಟಿಶ್ಯೂ ರೋಲ್‌ನ ಒಳಗಿನ ರಟ್ಟಿನ ಕೊಳವೆ ತೆಗೆದುಕೊಳ್ಳಿ. ವಾಲ್ಯೂಮ್ ಕಡಿಮೆ ಇಟ್ಟು, ಒಂದು ತುದಿ ಟ್ವೀಟರ್‌ನ ಎದುರು, ಇನ್ನೊಂದು ತುದಿ ಕಿವಿಯ ಹತ್ತಿರ ಹಿಡಿಯಿರಿ. ಕೊಳವೆ ಟ್ವೀಟರ್‌ಗೆ ತಾಗಬಾರದು. ಈಗ ನಾಬನ್ನು ಮೆಲ್ಲಗೆ ತಿರುಗಿಸುತ್ತ ಕೇಳಿ. ಸದ್ದು ಬಂದು ಹೋಗಿ ಮಾಡಿದರೆ ಟ್ವೀಟರ್ ಬದುಕಿದೆ.

ಆಮೇಲೆ ಆಂಪ್ಲಿಫೈಯರ್ ಆರಿಸಿ. ನಾಬನ್ನು ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ, ಮತ್ತೆ ಕೇಳಿ. ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ, ಉಜ್ಜಾಟದಲ್ಲಿ ತೆಳು ಪದರ ಕಿತ್ತು ಬರುತ್ತದೆ. ಒಂದು ವಾರ ಹಾಗೇ ಕೇಳಿ ನೋಡಿ. ಕರಕರ ಮತ್ತೆ ಬಂದರೆ ಮಾತ್ರ ಮುಂದಕ್ಕೆ ಹೋಗೋಣ.

ನಾಬ್‌ನ ಸಂದಿಯಲ್ಲಿ ಹೊರಗಿನಿಂದಲೇ ಸ್ಪ್ರೇ ಹೊಡೆಯಬೇಡಿ. ಕಡ್ಡಿ ತಿರುಗುವ ಬುಶ್ ಬಿಗಿಯಾಗಿರುತ್ತದೆ. ದ್ರವ ಒಳಗಿನ ಕಾಂಟ್ಯಾಕ್ಟ್‌ಗೆ ತಲುಪುವ ಬದಲು ಮರದ ಮೇಲೆ ಹರಿದು ಪಾಲಿಶ್ ಕೆಡಿಸುತ್ತದೆ.

ಏನೇನು ಬೇಕು

ಸರಿಯಾದ ಅಳತೆಯ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, 90 ಪರ್ಸೆಂಟ್‌ಗಿಂತ ಮೇಲಿನ ಐಸೋಪ್ರೊಪೈಲ್ ಆಲ್ಕೋಹಾಲ್, ಮೆದು ಹಲ್ಲುಜ್ಜುವ ಬ್ರಶ್, ಕಿವಿಕಡ್ಡಿ, ಪೆನ್ಸಿಲ್ ರಬ್ಬರ್, 1000 ನಂಬರಿನ ಉಪ್ಪುಕಾಗದ, ಬಿಳಿ ವಿನಿಗರ್, ಅಡುಗೆ ಸೋಡಾ. ಕೈಗವಸು ಮತ್ತು ಮಾಸ್ಕ್ ಕಡ್ಡಾಯ, ಯಾಕೆ ಅಂತ ಮುಂದೆ ಹೇಳುತ್ತೇನೆ. ಫೋಟೋ ತೆಗೆಯಲು ಫೋನ್ ಪಕ್ಕದಲ್ಲೇ ಇರಲಿ.

ಕಾಂಟ್ಯಾಕ್ಟ್ ಕ್ಲೀನರ್ ಆರಿಸುವಾಗ ಸ್ವಲ್ಪ ಗಮನ ಕೊಡಿ. ಲೋಹದ ಕಾಂಟ್ಯಾಕ್ಟ್‌ಗೆ ಡಿಯಾಕ್ಸಿಟ್ ಡಿ5 ತರಹದ್ದು ಸರಿ. ಅದರಲ್ಲಿ ಕೆಲಸ ಮಾಡುವ ಅಂಶ 5 ಪರ್ಸೆಂಟ್, ಉಳಿದದ್ದರಲ್ಲಿ ಬಹುಪಾಲು ಆರಿಹೋಗುತ್ತದೆ. ಮಾಮೂಲಿ ಡಬ್ಲ್ಯೂಡಿ-40 ಈ ಕೆಲಸಕ್ಕಲ್ಲ. ಹೊಡೆದ ದಿನ ಸದ್ದು ಸರಿಯಾದಂತೆ ಕಾಣುತ್ತದೆ, ಆಮೇಲೆ ಉಳಿಯುವ ಎಣ್ಣೆ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಹೆಸರಿನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಬೇರೆಯಾಗಿಯೇ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಿರುವುದನ್ನು ಓದಿ ತೆಗೆದುಕೊಳ್ಳಿ.

ಹಂತ 1: ವೂಫರ್ ತೆಗೆಯುವುದು

ಹೆಚ್ಚಿನ ಪೆಟ್ಟಿಗೆಗಳಲ್ಲಿ ಕಂಟ್ರೋಲ್ ಬೆನ್ನಿಗಿರಲಿ ಮುಂದಿರಲಿ, ಕೈ ಹಾಕಬೇಕಾದ ದಾರಿ ವೂಫರ್‌ನ ರಂಧ್ರವೇ. ಸ್ಪೀಕರ್ ವೈರ್ ಕಳಚಿ, ಪೆಟ್ಟಿಗೆಯನ್ನು ದಪ್ಪ ಟವೆಲ್ ಮೇಲೆ ಅಂಗಾತ ಮಲಗಿಸಿ. ಗ್ರಿಲ್ ತೆಗೆಯಿರಿ.

ಸ್ಕ್ರೂ ಬಿಚ್ಚುವಾಗ ಒಂದು ಅಪಾಯ ಇದೆ. ವೂಫರ್‌ನ ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆಯುತ್ತದೆ. ಕೈ ಸ್ವಲ್ಪ ಸಡಿಲವಾದರೂ ಅದು ನೇರ ಹೋಗಿ ಕೋನ್‌ಗೆ (ಸದ್ದು ಮಾಡುವ ತೆಳು ಹಾಳೆಗೆ) ತೂತು ಮಾಡುತ್ತದೆ. ಒಂದು ರಟ್ಟನ್ನು ವೂಫರ್‌ನ ಗಾತ್ರಕ್ಕೆ ಕತ್ತರಿಸಿ ಕೋನ್ ಮೇಲೆ ಮುಚ್ಚಿ. ಅಂಚು ವೂಫರ್‌ನ ಚೌಕಟ್ಟಿನ ಮೇಲೆ ಕೂರಲಿ, ಕೋನ್‌ಗೆ ಒತ್ತಬಾರದು. ಸ್ಕ್ರೂಡ್ರೈವರ್‌ನ ತುದಿಯನ್ನು ಇನ್ನೊಂದು ಕೈಯ ಬೆರಳಿನಿಂದ ಹಿಡಿದೇ ತಿರುಗಿಸಿ.

ಸ್ಕ್ರೂ ಎಲ್ಲ ಬಂದರೂ ವೂಫರ್ ಅಲುಗದೆ ಇರಬಹುದು. ಹಳೇ ಪೆಟ್ಟಿಗೆಗಳಲ್ಲಿ ಗಾಳಿ ಸೋರದಿರಲಿ ಅಂತ ಸುತ್ತಲೂ ಅಂಟು ಮೆತ್ತಿರುತ್ತಾರೆ. ಒಂದೇ ಕಡೆ ಮೀಟಿ ಎತ್ತಲು ಹೋದರೆ ಮರ ಕಿತ್ತು ಬರುತ್ತದೆ. ನಾನು ಮಾಡುವುದು ಹೀಗೆ: ಎದುರುಬದುರು ಎರಡು ಸ್ಕ್ರೂಗಳನ್ನು ಪೂರ್ತಿ ತೆಗೆಯದೆ, ಕೆಲವು ಸುತ್ತು ಸಡಿಲ ಮಾಡಿ ಬಿಡುತ್ತೇನೆ. ಇನ್ನೊಬ್ಬರ ಸಹಾಯದಿಂದ ಪೆಟ್ಟಿಗೆಯನ್ನು ಕವುಚಿ, ಎರಡು ಕಡೆ ದಪ್ಪ ಪುಸ್ತಕಗಳ ಆಸರೆ ಕೊಟ್ಟು ವೂಫರ್ ಕೆಳಗೆ ಜಾಗ ಬಿಡುತ್ತೇನೆ. ವೂಫರ್‌ನ ತೂಕವೇ ನಿಧಾನಕ್ಕೆ ಅಂಟನ್ನು ಬಿಡಿಸುತ್ತದೆ. ಸಡಿಲವಾಗಿರುವ ಎರಡು ಸ್ಕ್ರೂ ಇರುವುದರಿಂದ ಕೆಳಗೆ ಬೀಳುವುದಿಲ್ಲ. ಕಾಲು ಗಂಟೆಯಾದರೂ ಬಿಡದಿದ್ದರೆ ಅಂಚಿಗೆ ಹೇರ್ ಡ್ರೈಯರ್‌ನ ಬಿಸಿಗಾಳಿ ಸ್ವಲ್ಪ ಹಿಡಿಯಿರಿ.

ಅಂಟು ಬಿಟ್ಟ ಮೇಲೆ ಪೆಟ್ಟಿಗೆಯನ್ನು ಮತ್ತೆ ಅಂಗಾತ ಮಾಡಿ, ಉಳಿದ ಎರಡು ಸ್ಕ್ರೂ ತೆಗೆಯಿರಿ. ವೂಫರ್ ಮೇಲಕ್ಕೆ ಬಂದ ತಕ್ಷಣ ಎಳೆಯಬೇಡಿ, ವೈರ್ ಇರುತ್ತದೆ. ಯಾವ ಬಣ್ಣ ಯಾವ ಟರ್ಮಿನಲ್‌ಗೆ ಅಂತ ಫೋಟೋ ತೆಗೆದು ಆಮೇಲೆ ಬಿಡಿಸಿ.

ಹಂತ 2: ಒಳಗಿನ ತುಂಬು

ಪೆಟ್ಟಿಗೆಯೊಳಗೆ ಹತ್ತಿಯ ಹಾಗೆ ತುಂಬಿರುವುದು ಹಳೇ ಸ್ಪೀಕರ್‌ಗಳಲ್ಲಿ ಬಹಳ ಸಲ ಗಾಜಿನ ನಾರು. ಚರ್ಮಕ್ಕೆ ತಾಗಿದರೆ ದಿನವಿಡೀ ತುರಿಕೆ, ಉಸಿರಿಗೆ ಹೋದರೆ ಗಂಟಲು ಕೆರೆತ. ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಹಾಕಿಕೊಂಡೇ ಮುಟ್ಟಿ. ಪದರ ಪದರವಾಗಿ ತೆಗೆದು, ಬಂದ ಕ್ರಮದಲ್ಲೇ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಡಿ. ಒಂದು ಚೂರೂ ಹೊರಗೆ ಉಳಿಯಬಾರದು, ಹೊಸದೇನೂ ಸೇರಬಾರದು. ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಶುರು ಮಾಡಿದ್ದೇ ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನು ಸ್ಪ್ರಿಂಗ್‌ನ ಹಾಗೆ ಬಳಸುವ ಉಪಾಯದ ಮೇಲೆ. ಅಂಥ ಪೆಟ್ಟಿಗೆಯಲ್ಲಿ ತುಂಬು ಎಷ್ಟಿದೆ ಅನ್ನುವುದರ ಮೇಲೆ ಬಾಸ್ ನಿಂತಿದೆ.

ಹಂತ 3: ಕಂಟ್ರೋಲ್ ಹೊರಗೆ ತೆಗೆಯುವುದು

ಈಗ ಪಾಟ್ ಕಾಣುತ್ತದೆ. ಕೈ ಹಾಕುವ ಮೊದಲು ಮೂರು ಫೋಟೋ, ಮೂರು ಬೇರೆ ಕೋನದಿಂದ. ಜೊತೆಗೆ ಒಂದು ಕಾಗದದಲ್ಲಿ ಚಿತ್ರ ಬರೆದು ಟರ್ಮಿನಲ್‌ಗೆ ವೈರ್‌ನ ಬಣ್ಣ ಗುರುತಿಸಿ. ಫೋಟೋದಲ್ಲಿ ಹಳದಿಯೂ ಮಾಸಿದ ಬಿಳಿಯೂ ಒಂದೇ ಥರ ಕಾಣುತ್ತವೆ, ಕಾಗದ ಮೋಸ ಮಾಡುವುದಿಲ್ಲ.

ಹೊರಗಿನ ನಾಬ್‌ನಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ಇಲ್ಲದಿದ್ದರೆ ನೇರ ಎಳೆದರೆ ಬರಬೇಕು. ಅಂಟಿಕೊಂಡಿದ್ದರೆ ಇಕ್ಕಳ ಹಾಕಬೇಡಿ, ಹಳೇ ಪ್ಲಾಸ್ಟಿಕ್ ಸೀಳುತ್ತದೆ. ತೆಳು ಬಟ್ಟೆಯ ಪಟ್ಟಿಯೊಂದನ್ನು ನಾಬ್‌ನ ಹಿಂದೆ ಸುತ್ತಿ, ಎರಡೂ ತುದಿ ಹಿಡಿದು ನೇರಕ್ಕೆ ಎಳೆಯಿರಿ. ಆಮೇಲೆ ನಟ್ ಬಿಚ್ಚಿದರೆ ಪಾಟ್ ಒಳಗೆ ಸಡಿಲವಾಗುತ್ತದೆ.

ವೈರ್ ಉದ್ದ ಇದ್ದು ಪಾಟ್ ರಂಧ್ರದ ಹೊರಗೆ ಬಂದರೆ ಸೋಲ್ಡರ್ ಬಿಡಿಸದೆಯೇ ಕೆಲಸ ಆಗಬಹುದು. ಆದರೆ ನನ್ನ ಸಲಹೆ ಬಿಡಿಸಿಬಿಡಿ ಅಂತಲೇ. ವೈರ್ ಸಮೇತ ಉಜ್ಜುವಾಗ ಬಿಗಿದು ಯಾವುದೋ ಹಳೇ ಬೆಸುಗೆ ಬಿಟ್ಟುಹೋಗುತ್ತದೆ. ಮೀಟರ್ ಅಳತೆಯೂ ಸರಿಯಾಗಿ ಬರುವುದಿಲ್ಲ, ಕ್ರಾಸ್‌ಓವರ್‌ನ ಬೇರೆ ಭಾಗಗಳು ಸೇರಿಕೊಂಡಿರುತ್ತವೆ.

ಇದೇ ಹೊತ್ತಿನಲ್ಲಿ ಟ್ವೀಟರನ್ನೂ ಒಮ್ಮೆ ಅಳೆಯಿರಿ. ಅದರ ಒಂದು ವೈರ್ ಬಿಡಿಸಿ ಮೀಟರ್ ಹಚ್ಚಿ. 8 ಓಮ್ ಅಂತ ಬರೆದಿರುವ ಟ್ವೀಟರ್ ಸಾಮಾನ್ಯವಾಗಿ 5ರಿಂದ 7ರ ಆಸುಪಾಸಿನಲ್ಲಿ ತೋರಿಸುತ್ತದೆ. ಏನೂ ತೋರಿಸದಿದ್ದರೆ ಮಾತ್ರ ಟ್ವೀಟರ್‌ನ ಒಳಗೆ ತಂತಿ ಕಡಿದಿದೆ ಅನ್ನಬಹುದು.

ಹಂತ 4: ಪಾಟ್ ಬಿಚ್ಚುವುದು

ಎಲ್ಲ ಕೆಲಸಗಳಲ್ಲಿ ನನಗೆ ಇಷ್ಟವಾದದ್ದು ಇದು. ಅವಸರ ಮಾಡಬೇಡಿ. ಬೆಳಕು ಚೆನ್ನಾಗಿರುವ ಕಡೆ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ.

ಎಲ್-ಪ್ಯಾಡ್‌ಗೆ ಬಹಳ ಸಲ ತಗಡಿನ ಮುಚ್ಚಳ ಇರುತ್ತದೆ, ಅದನ್ನು ಮಡಚಿದ ಕಿವಿಗಳು ಹಿಡಿದಿರುತ್ತವೆ. ಕಿವಿಯನ್ನು ಮುಚ್ಚಳ ಬಿಡುವಷ್ಟು ಮಾತ್ರ ಎತ್ತಿ. ಪದೇ ಪದೇ ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದೆ. ಬೆನ್ನು ತೆರೆದೇ ಇರುವ ಎಲ್-ಪ್ಯಾಡ್ ಆದರೆ ಬಿಚ್ಚುವುದೇ ಬೇಡ, ಸಂದಿಯಿಂದಲೇ ಬ್ರಶ್ ಹೋಗುತ್ತದೆ.

ಹಳೇ ಎಆರ್ ಬಗೆಯ ಪಾಟ್‌ನಲ್ಲಿ ಕಡ್ಡಿಯನ್ನು ಸಣ್ಣ ಕ್ಲಿಪ್ ಒಂದು ಹಿಡಿದಿರುತ್ತದೆ. ಅದು ಚಿಮ್ಮಿದರೆ ಕೋಣೆ ಗುಡಿಸಿದರೂ ಸಿಗುವುದಿಲ್ಲ. ಪಾಟನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗಿಟ್ಟು, ಎರಡೂ ಕೈ ಚೀಲದೊಳಗೆ ಹಾಕಿ ಕ್ಲಿಪ್ ತೆಗೆಯಿರಿ. ಎಷ್ಟೇ ಚಿಮ್ಮಿದರೂ ಚೀಲದಲ್ಲೇ ಉಳಿಯುತ್ತದೆ.

ಕಡ್ಡಿ ಎಳೆದರೆ ವೈಪರ್ ಇರುವ ಬಿಲ್ಲೆ ಬಿಡಿಯಾಗುತ್ತದೆ. ಈಗ ಒಳಗೆ ನೋಡಿ. ಸುತ್ತಿದ ತಂತಿಯ ಮೇಲೆ ವೈಪರ್ ಓಡಾಡಿದ ಜಾಡು ತೆಳುವಾದ ಹೊಳೆಯುವ ಗೆರೆಯಾಗಿ ಕಾಣುತ್ತದೆ. ಆ ಗೆರೆಯಲ್ಲಿ ಒಂದು ಕಡೆ ಹೊಳಪು ನಿಂತು ಹಸಿರು ಪುಡಿ ಶುರುವಾಗುತ್ತದೆ. ನಾಬ್ ವರ್ಷಗಟ್ಟಲೆ ನಿಂತಿದ್ದ ಜಾಗ ಅದು. ಬಿಲ್ಲೆ ತಿರುಗಿಸಿ ವೈಪರ್‌ನ ತುದಿ ನೋಡಿದರೆ ಅಲ್ಲೂ ಅಷ್ಟೇ ಗಾತ್ರದ ಕಪ್ಪು ಚುಕ್ಕೆ. ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ. ನೀವು ಹುಡುಕುತ್ತಿದ್ದ ದೋಷ ಇದೇ.

ಹಂತ 5: ಸ್ವಚ್ಛ ಮಾಡುವುದು

ಮೊದಲು ಹಳೇ ಗ್ರೀಸ್ ಹೋಗಬೇಕು. ಬ್ರಶ್ಶನ್ನು ಐಸೋಪ್ರೊಪೈಲ್‌ನಲ್ಲಿ ಅದ್ದಿ ಎಲ್ಲ ಕಡೆ ಉಜ್ಜಿ, ಕಿವಿಕಡ್ಡಿಯಿಂದ ಒರೆಸಿ. ಕಿವಿಕಡ್ಡಿಗೆ ಕಂದು ಬಣ್ಣ ಬರುವುದು ನಿಲ್ಲುವ ತನಕ ಮಾಡಿ. ಗ್ರೀಸ್ ಉಳಿದಿರುವಾಗ ವಿನಿಗರ್ ಹಾಕಿದರೆ ಅದು ಲೋಹವನ್ನೇ ಮುಟ್ಟುವುದಿಲ್ಲ.

ವೈಪರ್‌ಗೆ ತೆಳು ಕಪ್ಪು ಮಾತ್ರ ಹಿಡಿದಿದ್ದರೆ ಪೆನ್ಸಿಲ್ ರಬ್ಬರ್ ಸಾಕು. ಹಸಿರು ಕಿಲುಬು ಗಟ್ಟಿಯಾಗಿದ್ದರೆ, ಬಿಡಿಯಾಗಿ ಬಂದ ಲೋಹದ ಭಾಗವನ್ನು ಮಾತ್ರ ವಿನಿಗರ್‌ನಲ್ಲಿ 10-15 ನಿಮಿಷ ನೆನೆಸಿ. ಪಾಟ್‌ನ ಮೈ ನೆನೆಸಬೇಡಿ. ಅದು ಒತ್ತಿದ ನಾರಿನದೋ ಪಿಂಗಾಣಿಯದೋ ಆಗಿರುತ್ತದೆ, ನಾರಿನದಾದರೆ ಹುಳಿ ನೀರು ಹೀರಿಕೊಂಡು ಒಳಗೊಳಗೇ ಮತ್ತೆ ಕಿಲುಬು ಹುಟ್ಟಿಸುತ್ತದೆ. ನೆಂದ ಭಾಗವನ್ನು ಬ್ರಶ್‌ನಲ್ಲಿ ಉಜ್ಜಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಅದರಲ್ಲಿ ಅದ್ದಿ, ಉಳಿದ ಹುಳಿ ಸಾಯುತ್ತದೆ. ಆಮೇಲೆ ಶುದ್ಧ ನೀರು, ಕೊನೆಗೆ ಐಸೋಪ್ರೊಪೈಲ್. ಪೂರ್ತಿ ಒಣಗಲಿ.

ತಂತಿಯ ಸುತ್ತಿನ ವಿಷಯದಲ್ಲಿ ಕೈ ಹಗುರ ಇರಲಿ. ಮೊದಲು ಬ್ರಶ್ ಮತ್ತು ಐಸೋಪ್ರೊಪೈಲ್, ಅದೂ ಎಳೆಗಳು ಹೋಗಿರುವ ದಿಕ್ಕಿನಲ್ಲೇ. ಎಳೆಗಳ ನಡುವಿನ ಹಸಿರು ಪುಡಿ ಹೊರಗೆ ಬರುತ್ತದೆ. ಹೊಳೆಯುವ ಗೆರೆ ಇನ್ನೂ ಮಂಕಾಗಿದ್ದರೆ 1000 ನಂಬರ್ ಕಾಗದವನ್ನು ಬೆರಳ ತುದಿಗೆ ಸುತ್ತಿ, ಆ ಗೆರೆಯ ಮೇಲೆ ಮಾತ್ರ ಎರಡು ಮೂರು ಸಲ ಸವರಿ. ಅಷ್ಟು ಸಾಕು. ಒಂದು ಎಳೆ ಕಡಿದರೂ ಪಾಟ್ ಮುಗಿದಂತೆ. ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ) ತಂತಿಗೆ ಮಾಮೂಲಿ ಸೋಲ್ಡರ್ ಹಿಡಿಯುವುದಿಲ್ಲ, ಹಾಗಾಗಿ ಕಡಿದದ್ದನ್ನು ಕೂಡಿಸುವುದು ಬಹಳ ಕಷ್ಟ.

ಬಹಳ ಜನ ಇಲ್ಲಿಗೆ ನಿಲ್ಲಿಸಿ ಜೋಡಿಸುತ್ತಾರೆ. ಆರು ತಿಂಗಳಿಗೆ ಮತ್ತೆ ಕರಕರ. ಯಾಕೆಂದರೆ ಇನ್ನೂ ಎರಡು ಜಾಗ ಉಳಿದಿವೆ.

ಒಂದು, ವೈಪರ್‌ನಿಂದ ನಡುವಿನ ಟರ್ಮಿನಲ್‌ಗೆ ದಾರಿ. ವೈಪರ್ ತಿರುಗುತ್ತದೆ, ಟರ್ಮಿನಲ್ ತಿರುಗುವುದಿಲ್ಲ. ಹಾಗಾದರೆ ನಡುವೆ ಎಲ್ಲೋ ಇನ್ನೊಂದು ಜಾರುವ ಕಾಂಟ್ಯಾಕ್ಟ್ ಇರಲೇಬೇಕು ಅಲ್ವಾ? ಕಡ್ಡಿಯ ಸುತ್ತ ಒತ್ತಿಕೊಂಡಿರುವ ಉಂಗುರವೋ ಸ್ಪ್ರಿಂಗ್ ತಗಡೋ ಅದು. ಅದರ ಎರಡೂ ಮುಖಗಳನ್ನು ವೈಪರ್‌ನಷ್ಟೇ ಶ್ರದ್ಧೆಯಿಂದ ಉಜ್ಜಿ.

ಇನ್ನೊಂದು, ರಿವೆಟ್‌ಗಳು. ಟರ್ಮಿನಲ್ ಮತ್ತು ತಂತಿಯ ತುದಿ ಸೇರುವುದು ರಿವೆಟ್‌ನ ಕೆಳಗೆ. ಬೇರೆ ಬೇರೆ ಲೋಹ ಒತ್ತಿಕೊಂಡಿರುವ ಕಡೆ ತೇವ ಹೋದರೆ ಕಿಲುಬು ಬೇಗ ಬರುತ್ತದೆ. ಒಂದು ತೊಟ್ಟು ಕಾಂಟ್ಯಾಕ್ಟ್ ಕ್ಲೀನರ್ ರಿವೆಟ್‌ನ ಅಂಚಿಗೆ ಬಿಟ್ಟು, ಇಂಗಲು ಬಿಟ್ಟು, ಟರ್ಮಿನಲನ್ನು ಮೆಲ್ಲಗೆ ಅಲುಗಿಸಿ. ಮೀಟರ್‌ನ ಒಂದು ಕಡ್ಡಿ ಟರ್ಮಿನಲ್‌ಗೆ, ಇನ್ನೊಂದು ತಂತಿಯ ಮೊದಲ ಸುತ್ತಿಗೆ ಹಿಡಿದರೆ ಹೆಚ್ಚು ಕಡಿಮೆ ಸೊನ್ನೆ ಬರಬೇಕು. ಅಂಕಿ ಕುಣಿಯುತ್ತಿದ್ದರೆ ರಿವೆಟ್ ಇನ್ನೂ ಶುದ್ಧವಾಗಿಲ್ಲ.

ವೈಪರ್ ಸಡಿಲವಾಗಿದೆ ಅನ್ನಿಸಿದರೆ ತುದಿಯನ್ನು ತಂತಿಯ ಕಡೆಗೆ ಒಂದು ಚೂರು ಬಗ್ಗಿಸಿ. ಜಾಸ್ತಿ ಒತ್ತಿದರೆ ತಂತಿ ಸವೆಯುತ್ತದೆ. ಕೊನೆಗೆ ಕಾಂಟ್ಯಾಕ್ಟ್ ಕ್ಲೀನರನ್ನು ತಂತಿ ಮತ್ತು ವೈಪರ್‌ಗೆ ತೆಳುವಾಗಿ ಹಚ್ಚಿ, ಜೋಡಿಸಿ, ತುದಿಯಿಂದ ತುದಿಗೆ 40 ಸಲ ತಿರುಗಿಸಿ, ಹೆಚ್ಚಾದದ್ದನ್ನು ಒರೆಸಿ. ಕಡ್ಡಿಯ ಬುಶ್‌ಗೆ ಬೆಂಕಿಕಡ್ಡಿ ತುದಿಯಷ್ಟು ಗ್ರೀಸ್ ಹಾಕಬಹುದು. ತಂತಿಯ ಮೇಲೆ ಗ್ರೀಸ್ ಮೆತ್ತುವುದನ್ನು ನಾನು ಒಪ್ಪುವುದಿಲ್ಲ. ಹಿಂದಿನವರು ಮೆತ್ತಿದ್ದನ್ನೇ ಈಗ ತಾನೇ ಕೆರೆದು ತೆಗೆದೆವಲ್ಲ.

ಹಂತ 6: ಮೀಟರ್ ಪರೀಕ್ಷೆ

ಮೀಟರ್‌ನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿ. 0.3 ಅಂತಲೋ ಏನೋ ಬರುತ್ತದೆ. ಮುಂದಿನ ಎಲ್ಲ ಅಳತೆಯಿಂದ ಅದನ್ನು ಕಳೆಯಬೇಕು. ಇಷ್ಟು ಸಣ್ಣ ಓಮ್‌ಗಳಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಪಾಟ್‌ನ ಎರಡು ತುದಿಗಳ ನಡುವೆ ಅದರ ಪೂರ್ತಿ ಓಮ್ ಬರಬೇಕು. 15 ಓಮ್‌ನದಾದರೆ 13.5ರಿಂದ 16.5ರ ಒಳಗೆ ಬಂದರೆ ನೆಮ್ಮದಿ. ಆಮೇಲೆ ಒಂದು ತುದಿ ಮತ್ತು ವೈಪರ್ ನಡುವೆ ಕಡ್ಡಿ ಹಿಡಿದು ನಾಬನ್ನು ಬಹಳ ನಿಧಾನಕ್ಕೆ ತಿರುಗಿಸಿ. ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಸಹಜ, ವೈಪರ್ ಸುತ್ತಿನಿಂದ ಸುತ್ತಿಗೆ ಹಾರುತ್ತದೆ. ನಡುವೆ ಎಲ್ಲೂ ದಿಢೀರ್ ಅಂತ ನೂರಾರಕ್ಕೆ ಜಿಗಿಯಬಾರದು. ಮುಳ್ಳು ಇರುವ ಹಳೇ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಡಿಜಿಟಲ್ ಮೀಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ತಪ್ಪಿಸಿಬಿಡುವ ದೋಷವನ್ನು ಮುಳ್ಳಿನ ನಡುಕ ತೋರಿಸುತ್ತದೆ.

8 ಓಮ್ ಎಲ್-ಪ್ಯಾಡ್‌ನಲ್ಲಿ ಎರಡು ಸುತ್ತನ್ನೂ ಬೇರೆ ಬೇರೆ ನೋಡಿ. ಸದ್ದು ಪೂರ್ತಿ ಇರುವ ಕಡೆ ಸರಣಿಯದು ಸೊನ್ನೆಯ ಹತ್ತಿರ, ಅಡ್ಡದ್ದು ಅದಕ್ಕಿಂತ ಬಹಳ ಜಾಸ್ತಿ. ಸದ್ದು ಪೂರ್ತಿ ಇಳಿಸಿದ ಕಡೆ ಸರಣಿಯದು ಸುಮಾರು 8, ಅಡ್ಡದ್ದು ಸೊನ್ನೆ.

ಎರಡೂ ಸ್ಪೀಕರ್‌ಗಳ ಪಾಟ್ ಮೇಜಿನ ಮೇಲಿರುವಾಗಲೇ ಇನ್ನೊಂದು ಕೆಲಸ ಮಾಡಿಕೊಳ್ಳಿ. ಎರಡನ್ನೂ ಒಂದೇ ಓಮ್‌ಗೆ, ಉದಾಹರಣೆಗೆ 5ಕ್ಕೆ, ನಿಲ್ಲಿಸಿ. ನಾಬ್ ಕೂರುವ ಕಡ್ಡಿ ಯಾವ ಕಡೆ ನೋಡುತ್ತಿದೆ ಅಂತ ಗುರುತು ಹಾಕಿ. ಎರಡು ನಾಬ್ ಒಂದೇ ಕಡೆ ಮುಖ ಮಾಡಿದ್ದರೂ ಒಳಗಿನ ಓಮ್ ಬೇರೆಯಾಗಿರಬಹುದು.

ಸರಿಹೋಗದಿದ್ದರೆ?

ತಂತಿ ಕಡಿದಿದ್ದರೆ, ವೈಪರ್ ತಿಂದುಹೋಗಿದ್ದರೆ, ಬದಲಾಯಿಸಲೇಬೇಕು. ಅದೇ ಓಮ್, ಅಷ್ಟೇ ಅಥವಾ ಹೆಚ್ಚು ವ್ಯಾಟ್ ಇರುವ ವೈರ್‌ವೌಂಡ್ ಹಾಕಿ. ರೇಡಿಯೋದ ವಾಲ್ಯೂಮ್‌ಗೆ ಹಾಕುವ ಸಣ್ಣ ಕಾರ್ಬನ್ ಪಾಟ್ ಇಲ್ಲಿ ಸುಟ್ಟುಹೋಗುತ್ತದೆ.

15 ಓಮ್ ಪಾಟ್ ಇದ್ದ ಕಡೆ 8 ಓಮ್ ಎಲ್-ಪ್ಯಾಡನ್ನು ಹಾಗೇ ಕೂರಿಸುವ ರೂಢಿ ಇದೆ. ಸದ್ದು ಬರುತ್ತದೆ ನಿಜ, ಆದರೆ ಕ್ರಾಸ್‌ಓವರ್‌ಗೆ ಕಾಣುವ ಹೊರೆ ಬದಲಾಗುತ್ತದೆ. 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಒಂದೇ ಇರುವ ಸರಳ ಕ್ರಾಸ್‌ಓವರ್ ತೆಗೆದುಕೊಳ್ಳಿ. ಮುಂದೆ 8 ಓಮ್ ಇದ್ದರೆ ಟ್ವೀಟರ್ ಸುಮಾರು 2000 ಹರ್ಟ್ಸ್‌ನಿಂದ ಕೆಲಸ ಶುರು ಮಾಡುತ್ತದೆ. 4 ಓಮ್ ಆದರೆ ಸುಮಾರು 4000ದಿಂದ. ನಡುವಿನ ಸದ್ದಿಗೆ ಯಾರೂ ದಿಕ್ಕಿಲ್ಲದಂತಾಗುತ್ತದೆ. ಹಾಗಾಗಿ ಎಲ್-ಪ್ಯಾಡ್ ಹಾಕುವುದಾದರೆ ಆ ಸ್ಪೀಕರ್‌ನ ಸರ್ಕ್ಯೂಟ್ ಚಿತ್ರ ಮುಂದಿಟ್ಟುಕೊಂಡು, ಒಟ್ಟು ಹೊರೆ ಮೊದಲಿನಷ್ಟೇ ಬರುವಂತೆ ರೆಸಿಸ್ಟರ್ ಸೇರಿಸಿ ಹಾಕಬೇಕು.

ಹಂತ 7: ಮತ್ತೆ ಜೋಡಿಸುವುದು

ಕಾಗದದ ಚಿತ್ರ ನೋಡಿ ವೈರ್ ಬೆಸೆಯಿರಿ. ಟರ್ಮಿನಲ್ ಮೊದಲು ಕೆರೆದು ಶುದ್ಧ ಮಾಡಿ, ಇಲ್ಲದಿದ್ದರೆ ಸೋಲ್ಡರ್ ಮೇಲೆ ಮೇಲೆ ಕೂತು ಹೊಸ ಕರಕರಕ್ಕೆ ದಾರಿಯಾಗುತ್ತದೆ. ಐರನ್ ಕೆಲವೇ ಸೆಕೆಂಡ್ ಇಡಿ, ರಿವೆಟ್ ಸಡಿಲವಾಗದಿರಲಿ.

ಮುಚ್ಚಿದ ಪೆಟ್ಟಿಗೆಯಾದರೆ ಪಾಟ್ ಕೂರುವ ರಂಧ್ರದಿಂದಲೂ ಗಾಳಿ ಸೋರುತ್ತದೆ. ಅಲ್ಲಿ ಮೊದಲು ವಾಷರ್ ಅಥವಾ ಅಂಟು ಇದ್ದರೆ ಮತ್ತೆ ಹಾಕಲೇಬೇಕು. ತುಂಬನ್ನು ಅದೇ ಕ್ರಮದಲ್ಲಿ ಇಡಿ, ಪಾಟ್‌ನ ತೆರೆದ ಬೆನ್ನಿಗೆ ನಾರು ಹೋಗದಂತೆ ತೆಳು ಬಟ್ಟೆಯ ತುಂಡು ಅಡ್ಡ ಕೊಡಿ. ವೂಫರ್‌ನ ಅಂಚಿನ ಅಂಟು ಒಣಗಿದ್ದರೆ ಕೆರೆದು, ಗಾಳಿ ಬಿಡದ ಫೋಮ್ ಪಟ್ಟಿ ಹಾಕಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಳೇ ಪಾರ್ಟಿಕಲ್ ಬೋರ್ಡ್ ಜೋರು ತಡೆಯುವುದಿಲ್ಲ.

ಸೋರಿಕೆ ನೋಡುವುದು ಸುಲಭ. ವೂಫರ್‌ನ ಕೋನನ್ನು ನಡುವಿನ ಟೋಪಿಯ ಸುತ್ತ ನಾಲ್ಕು ಬೆರಳಿಟ್ಟು ಮೆತ್ತಗೆ ಒಳಗೆ ಒತ್ತಿ ಬಿಡಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಉಸಿರು ಬಿಟ್ಟ ಹಾಗೆ ನಿಧಾನಕ್ಕೆ ಹಿಂದೆ ಬರುತ್ತದೆ. ಪಟ್ ಅಂತ ಬಂದರೆ ಎಲ್ಲೋ ಸೋರುತ್ತಿದೆ.

ಮೊದಲ ಸಲ ಕೇಳುವಾಗ

ಕ್ಲೀನರ್ ಮತ್ತು ಐಸೋಪ್ರೊಪೈಲ್ ಎರಡಕ್ಕೂ ಬೆಂಕಿ ಹತ್ತುತ್ತದೆ. ಪೆಟ್ಟಿಗೆ ಮುಚ್ಚುವ ಮೊದಲೇ ಪೂರ್ತಿ ಆರಿರಬೇಕು. ನಾನು ಪಾಟನ್ನು ಒಂದು ರಾತ್ರಿ ಗಾಳಿಗೆ ಬಿಟ್ಟು ಬೆಳಿಗ್ಗೆ ಜೋಡಿಸುತ್ತೇನೆ.

ವಾಲ್ಯೂಮ್ ಕಡಿಮೆ ಇಟ್ಟು ಶುರು ಮಾಡಿ. ಮೊದಲ ಹತ್ತು ನಿಮಿಷ ಸದ್ದು ತೀರ ಚೂಪು ಅನ್ನಿಸಬಹುದು. ಗಾಬರಿ ಬೇಡ. ಇಷ್ಟು ದಿನ ಮಂಕು ಸದ್ದಿಗೆ ಕಿವಿ ಒಗ್ಗಿಹೋಗಿದೆ, ಮೊದಲಿನ ಪೆನ್ಸಿಲ್ ಗುರುತೂ ಆ ಮಂಕಿಗೆ ತಕ್ಕಂತೆ ಯಾರೋ ಏರಿಸಿಟ್ಟದ್ದಿರಬಹುದು. ಆ ಗುರುತನ್ನು ಮರೆತು, ಮೇಜಿನ ಮೇಲೆ ಓಮ್ ನೋಡಿ ಹಾಕಿದ ಗುರುತಿಗೆ ಎರಡೂ ನಾಬ್ ತನ್ನಿ. ಆಂಪ್ಲಿಫೈಯರನ್ನು ಮೋನೋಗೆ (ಎರಡೂ ಕಡೆ ಒಂದೇ ಸದ್ದು) ಹಾಕಿ, ಒಬ್ಬರೇ ಹಾಡುವ ಹಾಡು ಹಾಕಿ, ಎರಡು ಸ್ಪೀಕರ್‌ಗಳ ನಟ್ಟನಡುವೆ ಕೂತುಕೊಳ್ಳಿ. ಹಾಡುವವರು ನೇರ ಎದುರಿಗೆ ನಿಂತಂತೆ ಕೇಳಬೇಕು. ಒಂದು ಕಡೆಗೆ ವಾಲಿದರೆ ಆ ಕಡೆಯ ನಾಬನ್ನು ಕೂದಲೆಳೆಯಷ್ಟು ಇಳಿಸಿ. ಈಗ ಅದು ಇಳಿಸಿದಷ್ಟೇ ಇಳಿಯುತ್ತದೆ, ನಿಲ್ಲಿಸಿದಲ್ಲೇ ನಿಲ್ಲುತ್ತದೆ.

ಎರಡು ಮೂರು ತಿಂಗಳಿಗೊಮ್ಮೆ ಆಂಪ್ಲಿಫೈಯರ್ ಆರಿಸಿ, ಪ್ರತಿ ನಾಬನ್ನೂ ತುದಿಯಿಂದ ತುದಿಗೆ ಹತ್ತು ಸಲ ತಿರುಗಿಸಿ ಗುರುತಿಗೆ ವಾಪಸ್ ತನ್ನಿ. ಇದನ್ನು ತಪ್ಪಿಸದೆ ಮಾಡಿದರೆ ಆ ಪೆಟ್ಟಿಗೆಯನ್ನು ಮತ್ತೆ ಬಿಚ್ಚುವ ಪ್ರಮೇಯ ಬಹಳ ವರ್ಷ ಬರುವುದಿಲ್ಲ.